ಎಲ್ಲರೂ ಬೈಯುವ ಆ ‘ಡಾಕ್ಟರ್ ಹೂ’ ಎಪಿಸೋಡ್ ನನಗೆ ಯಾಕೆ ಇಷ್ಟ

‘ಡಾಕ್ಟರ್ ಹೂ’ ನೋಡುವವರ ನಡುವೆ ಜಗಳ ಹಚ್ಚಲು ಜಾಸ್ತಿ ಕಷ್ಟಪಡಬೇಕಾಗಿಲ್ಲ. ‘ಲವ್ ಅಂಡ್ ಮಾನ್‌ಸ್ಟರ್ಸ್’ ಚೆನ್ನಾಗಿದೆ ಅಂದರೆ ಸಾಕು. 2006ರ ಜೂನ್‌ನಲ್ಲಿ ಬಿಬಿಸಿಯಲ್ಲಿ ಬಂದ ಎಪಿಸೋಡ್ ಇದು. ಈ ಸರಣಿಯ ಕೆಟ್ಟ ಎಪಿಸೋಡ್‌ಗಳ ಪಟ್ಟಿ ಮಾಡುವವರು ಇದಕ್ಕೊಂದು ಸೀಟು ಕಾಯಂ ಇಟ್ಟಿರುತ್ತಾರೆ. ನನಗಂತೂ ತುಂಬಾ ಇಷ್ಟ. ಬೈಯುವವರು ಪೂರ್ತಿ ಓದಿ ಬೈಯಿರಿ.

ಗೊತ್ತಿಲ್ಲದವರಿಗೆ ಎರಡು ಮಾತು. ಡಾಕ್ಟರ್ ಬೇರೆ ಗ್ರಹದವನು. ನೀಲಿ ಪೊಲೀಸ್ ಪೆಟ್ಟಿಗೆಯೊಳಗೆ ಕೂತು ಕಾಲದಲ್ಲಿ ಹಿಂದೆ ಮುಂದೆ ಓಡಾಡುತ್ತಾನೆ. 1963ರಲ್ಲಿ ಶುರುವಾದ ಸರಣಿ 1989ರಲ್ಲಿ ನಿಂತು, 2005ರಲ್ಲಿ ಮತ್ತೆ ಬಂತು. 2006ರಲ್ಲಿ ಡಾಕ್ಟರ್ ಪಾತ್ರ ಡೇವಿಡ್ ಟೆನೆಂಟ್‌ದು, ಜೊತೆಗಾತಿ ರೋಸ್ ಆಗಿ ಬಿಲ್ಲಿ ಪೈಪರ್. ಆದರೆ ಈ ಎಪಿಸೋಡಿನಲ್ಲಿ ಇಬ್ಬರೂ ಇಲ್ಲ ಅಂತಲೇ ಹೇಳಬೇಕು. ಮೊದಲಿಗೆ ಒಂದು ಓಟ, ಕೊನೆಗೆ ಸ್ವಲ್ಪ ಮಾತು, ಅಷ್ಟೇ. ಇದರ ಹಿಂದಿದ್ದದ್ದು ಕಾಲ್‌ಶೀಟ್ ಕಷ್ಟ. ಕ್ರಿಸ್‌ಮಸ್ ಸ್ಪೆಷಲ್ ಸೇರಿ ಒಂದು ವರ್ಷಕ್ಕೆ 14 ಎಪಿಸೋಡ್ ಆಗಬೇಕಿತ್ತು, ದಿನ ಸಾಲುತ್ತಿರಲಿಲ್ಲ. ಹಾಗಾಗಿ ಹೀರೋನೇ ಇಲ್ಲದ ಒಂದು ಕಥೆಯನ್ನು ಪಕ್ಕದಲ್ಲೇ ಶೂಟ್ ಮಾಡಿಕೊಂಡರು. ಮರುವರ್ಷ ಇದೇ ಇಕ್ಕಟ್ಟಿನಲ್ಲಿ ‘ಬ್ಲಿಂಕ್’ ಅನ್ನುವ ಎಪಿಸೋಡ್ ಹುಟ್ಟಿತು. ಅದನ್ನು ಎಲ್ಲರೂ ತಲೆ ಮೇಲೆ ಹೊತ್ತುಕೊಂಡರು, ವೈಜ್ಞಾನಿಕ ಕಥೆಗಳಿಗೆ ಕೊಡುವ ಹ್ಯೂಗೊ ಪ್ರಶಸ್ತಿಯೂ ಬಂತು. ಇದಕ್ಕೆ ಸಿಕ್ಕಿದ್ದು ಬರೀ ಬೈಗುಳ.

ಕಥೆ ಎಲ್ಟನ್ ಪೋಪ್ ಅನ್ನುವ ಸಾಮಾನ್ಯ ಲಂಡನ್ ಹುಡುಗನದು. ಕ್ಯಾಮೆರಾ ಮುಂದೆ ಕೂತು ತಾನೇ ಹೇಳಿಕೊಳ್ಳುತ್ತಾನೆ. ಚಿಕ್ಕವನಿದ್ದಾಗ ಒಂದು ರಾತ್ರಿ ಮೆಟ್ಟಿಲಿಳಿದು ಬಂದರೆ ಮನೆಯೊಳಗೆ ಡಾಕ್ಟರ್ ನಿಂತಿದ್ದ. ಯಾಕೆ ಬಂದಿದ್ದ ಅನ್ನುವುದು ದೊಡ್ಡವನಾದರೂ ಗೊತ್ತಾಗಿಲ್ಲ. ಹೀಗೇ ಡಾಕ್ಟರ್‌ನ ಬೆನ್ನು ಹತ್ತಿದ ಇನ್ನೂ ನಾಲ್ಕು ಜನ ಅವನಿಗೆ ಸಿಗುತ್ತಾರೆ. ಲೈಬ್ರರಿಯ ನೆಲಮಾಳಿಗೆಯಲ್ಲಿ ಸೇರುತ್ತಾರೆ, ಗುಂಪಿಗೆ ‘ಲಿಂಡಾ’ ಅಂತ ಹೆಸರಿಡುತ್ತಾರೆ. ಆಮೇಲೆ ನೋಡಿ, ಡಾಕ್ಟರ್ ವಿಷಯ ನಿಧಾನಕ್ಕೆ ಹಿಂದೆ ಸರಿಯುತ್ತದೆ. ಬ್ರಿಜೆಟ್ ಮನೆಯಿಂದ ಅಡುಗೆ ಮಾಡಿ ತರುತ್ತಾಳೆ. ಸ್ಕಿನ್ನರ್ ತಾನು ಬರೆಯುತ್ತಿರುವ ಕಾದಂಬರಿ ಓದುತ್ತಾನೆ. ಎಲ್ಲರೂ ಸೇರಿ ಬ್ಯಾಂಡ್ ಕಟ್ಟಿ ಇ.ಎಲ್.ಒ. (ಎಲೆಕ್ಟ್ರಿಕ್ ಲೈಟ್ ಆರ್ಕೆಸ್ಟ್ರಾ ಅನ್ನುವ ಬ್ರಿಟಿಷ್ ರಾಕ್ ತಂಡ) ಹಾಡು ಬಾರಿಸುತ್ತಾರೆ. ಬ್ರಿಜೆಟ್ ಲಂಡನ್ನಿಗೆ ಬರುತ್ತಿದ್ದದ್ದೇ ಕಳೆದುಹೋದ ಮಗಳನ್ನು ಹುಡುಕಲು. ಆ ಮಾತು ಅವಳ ಬಾಯಿಂದ ಬರುವುದೂ ಈ ಸಲುಗೆಯಲ್ಲೇ.

ಆಗ ವಿಕ್ಟರ್ ಕೆನಡಿ ಬರುತ್ತಾನೆ. ಸೂಟು, ಊರುಗೋಲು, ದೊಡ್ಡ ಮಾತು. ಬಂದವನೇ ಹಾಡು ಬಂದ್, ಹರಟೆ ಬಂದ್. ಎಲ್ಲರೂ ಸ್ಕೂಲ್ ಮಕ್ಕಳ ಹಾಗೆ ಡೆಸ್ಕ್ ಮುಂದೆ. ಡಾಕ್ಟರ್ ಎಲ್ಲಿ, ರೋಸ್ ಎಲ್ಲಿ ಅಂತ ಹೋಮ್‌ವರ್ಕ್. ಒಬ್ಬೊಬ್ಬರೇ ಕಾಣೆಯಾಗುತ್ತಾರೆ. ಅವನು ಮುಟ್ಟಿದವರನ್ನೆಲ್ಲ ಮೈಯೊಳಗೆ ಎಳೆದುಕೊಳ್ಳುವ ಹಸಿರು ರಾಕ್ಷಸ, ಅಬ್ಜಾರ್ಬಲಾಫ್. ನುಂಗಿದವರ ಮುಖಗಳು ಅವನ ಹೊಟ್ಟೆ, ಬೆನ್ನ ಮೇಲೆ ಮಾತಾಡುತ್ತಿರುತ್ತವೆ.

ಬೈಗುಳ ಜಾಸ್ತಿ ಬೀಳುವುದು ಇಲ್ಲೇ. ರಬ್ಬರ್ ಬೊಂಬೆ, ಜೋಕರ್ ಅಂತೆಲ್ಲ. ‘ಬ್ಲೂ ಪೀಟರ್’ ಅನ್ನುವ ಮಕ್ಕಳ ಕಾರ್ಯಕ್ರಮದ ಸ್ಪರ್ಧೆಯಲ್ಲಿ ಗೆದ್ದ 9 ವರ್ಷದ ಹುಡುಗನ ಕಲ್ಪನೆ ಅದು. ಮಗು ಬಿಡಿಸಿದ ರಾಕ್ಷಸ ಮಗು ಬಿಡಿಸಿದ ಹಾಗೇ ಇರಬೇಕಲ್ವಾ? ಜೊತೆಗೆ, ರಾಕ್ಷಸ ಬಾಯಿ ತೆಗೆಯುವ ಮುಂಚೆಯೇ ಲಿಂಡಾ ಅರ್ಧ ಸತ್ತಿತ್ತು. ಖುಷಿಗೆ ಸೇರಿದ ಗುಂಪಿಗೆ ರೂಲ್ಸ್ ತಂದವನು ಸೂಟಿನಲ್ಲಿದ್ದ ಕೆನಡಿಯೇ. ಬರೆದ ರಸೆಲ್ ಟಿ. ಡೇವಿಸ್ ಸ್ವತಃ ಈ ಸರಣಿಯ ಹಳೇ ಅಭಿಮಾನಿ. ಅಭಿಮಾನಿ ಸಂಘಗಳ ಒಳಗು ಅವನಿಗೆ ಚೆನ್ನಾಗಿ ಗೊತ್ತು. ನಮ್ಮ ಎಷ್ಟು ಫೇಸ್‌ಬುಕ್ ಗ್ರೂಪ್‌ಗಳಿಗೆ ಒಬ್ಬ ಕೆನಡಿ ಅಡ್ಮಿನ್ ಆಗಿ ಬಂದಿಲ್ಲ ಹೇಳಿ.

ನನಗೆ ಇದರಲ್ಲಿ ಪ್ರಾಣ ಅಂದರೆ ಜಾಕಿ. ರೋಸ್‌ಳ ಅಮ್ಮ. ಅವಳ ಸ್ನೇಹ ಬೆಳೆಸಿ ಮಗಳ ಸುದ್ದಿ ತೆಗೆ ಅಂತ ಕೆನಡಿ ಎಲ್ಟನ್‌ನನ್ನು ಕಳಿಸುತ್ತಾನೆ. ಬಟ್ಟೆ ಒಗೆಯುವ ಅಂಗಡಿಯಲ್ಲಿ ಪರಿಚಯ. ಆಮೇಲೆ ಮನೆಯಲ್ಲಿ ಅದು ಕೆಟ್ಟಿದೆ, ಇದು ಕೆಟ್ಟಿದೆ ಅಂತ ಇವಳು ಕರೆಯುತ್ತಲೇ ಇರುತ್ತಾಳೆ. ಒಂಟಿ ಹೆಂಗಸು, ಒಂದಿಷ್ಟು ಆಸೆ, ನಾವೂ ನಗುತ್ತೇವೆ. ಒಂದು ಸಲ ಫೋನ್ ಬರುತ್ತದೆ, ಅವಳ ಮುಖ ಇಳಿಯುತ್ತದೆ. ಮಗಳು ಎಲ್ಲೋ ದೂರದಲ್ಲಿದ್ದಾಳೆ. ಎಲ್ಟನ್‌ಗೆ ಕರುಳು ಚುರುಕ್ ಅನ್ನುತ್ತದೆ. ಗೂಢಚಾರಿಕೆ ಸಾಕು, ಸ್ನೇಹಿತನಾಗಿಯೇ ಇರುತ್ತೇನೆ ಅಂತ ತೀರ್ಮಾನಿಸಿ ಪಿಜ್ಜಾ ತರಲು ಓಡುತ್ತಾನೆ. ಬರುವಷ್ಟರಲ್ಲಿ ಅವಳಿಗೆ ಅವನ ಜೇಬಿನಲ್ಲಿ ರೋಸ್‌ಳ ಫೋಟೋ ಸಿಕ್ಕಿರುತ್ತದೆ. ಬಿಟ್ಟುಹೋದವರ ಹಿಂದೆ ಉಳಿಯುವವರ ಪಾಡು ಎಂಥದ್ದು ಅಂತ ಜಾಕಿ ಆಗ ಅವನಿಗೆ ಹೇಳುತ್ತಾಳೆ. ಜಾಕಿ ಪಾತ್ರದ ಕಮಿಲ್ ಕೊಡೂರಿ ಅದನ್ನು ಕೂಗಾಡದೆ ಹೇಳುತ್ತಾಳೆ. ಡಾಕ್ಟರ್ ಜೊತೆ ನಕ್ಷತ್ರ ಸುತ್ತುವವರ ಕಥೆ ಬೇಕಾದಷ್ಟಿವೆ, ಅಡುಗೆಮನೆಯಲ್ಲಿ ಕಾಯುವವರಿಗೆ ಸಿಕ್ಕಿದ್ದು ಸ್ವಲ್ಪವೇ.

ಕೊನೆಗೆ ರೋಸ್ ಬರುವುದೂ ಅದಕ್ಕೇ. ಎದುರಿಗೆ ಅಷ್ಟು ದೊಡ್ಡ ರಾಕ್ಷಸ ನಿಂತಿದ್ದರೂ ಅವಳಿಗೆ ಸಿಟ್ಟು ಎಲ್ಟನ್ ಮೇಲೆ. ನಮ್ಮಮ್ಮನಿಗೆ ಬೇಜಾರು ಮಾಡಿದೆಯಲ್ಲ ಅಂತ!

ಹಾಗಂತ ಎಲ್ಲವೂ ಸರಿ ಅನ್ನುವುದಿಲ್ಲ. ರಾಕ್ಷಸ ನುಂಗಿದ ಲಿಂಡಾ ಗುಂಪಿನ ಹುಡುಗಿ ಉರ್ಸುಲಾಳ ಮುಖ ಮಾತ್ರ ಕೊನೆಗೆ ಒಂದು ಕಲ್ಲುಚಪ್ಪಡಿಯಲ್ಲಿ ಉಳಿಯುತ್ತದೆ, ಎಲ್ಟನ್ ಅವಳ ಜೊತೆಗೇ ಬದುಕುತ್ತಾನೆ. ಅಲ್ಲೊಂದು ಪೋಲಿ ಜೋಕ್ ಇದೆ. ಬೇಡವಿತ್ತು. ಉರ್ಸುಲಾ ಆಗಿ ಶರ್ಲಿ ಹೆಂಡರ್ಸನ್ ಅಷ್ಟು ಚೆನ್ನಾಗಿ ಮಾಡಿದ್ದಾಳೆ, ಆ ಪಾತ್ರಕ್ಕೆ ಇನ್ನೂ ಒಳ್ಳೆಯ ಗತಿ ಕೊಡಬಹುದಿತ್ತು. ಆ ಒಂದು ಸಾಲಿಗೆ ಇಡೀ ಎಪಿಸೋಡನ್ನು ಕಸದ ಬುಟ್ಟಿಗೆ ಹಾಕುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಹೊಸದಾಗಿ ನೋಡುವವರು ಇದರಿಂದ ಶುರು ಮಾಡಬೇಡಿ. 2005ರ ಸೀಸನ್‌ನಿಂದ ಬನ್ನಿ, ಜಾಕಿಯ ಪರಿಚಯ ಆಗಿರಬೇಕು. ಸ್ಕಿಪ್ ಮಾಡಿ ಅಂತ ಯಾವುದೋ ಪಟ್ಟಿ ಹೇಳಿದರೆ ಕೇಳಬೇಡಿ. ಚಪ್ಪಡಿ ಬಗ್ಗೆ ಜಗಳಕ್ಕೆ ಬರುವವರು ಕಾಮೆಂಟಿಗೆ ಬನ್ನಿ, ಅರ್ಧ ನಿಮ್ಮ ಪಕ್ಷವೇ ನಾನು. ಜಾಕಿಗೆ ಏನಾದರೂ ಅಂದರೆ ಮಾತ್ರ ಸುಮ್ನೆ ಇರುವುದಿಲ್ಲ.