ಡೋರಿಯನ್‌ನ ಅಪ್ಪನಂಥವರು ನಮ್ಮಲ್ಲೂ ಇದ್ದಾರೆ

ಫ್ಯಾಂಟಸಿ ವಿಡಿಯೋ ಆಟಗಳಲ್ಲಿ ಒಬ್ಬ ಗೇ ಪಾತ್ರವೋ ಟ್ರಾನ್ಸ್ ಪಾತ್ರವೋ ಬಂದರೆ ಸಾಕು, ನಮ್ಮವರ ಬಾಯಲ್ಲಿ ಒಂದೇ ಮಾತು: ಇದೆಲ್ಲ ಫಾರಿನ್‌ನವರ ಗೀಳು, ನಮಗ್ಯಾಕೆ? ಊರಿನ ಗೆಳೆಯರ ವಾಟ್ಸಾಪ್ ಗುಂಪಿನಲ್ಲೂ ಇದೇ, ಇಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಯುಗಾದಿ ಊಟಕ್ಕೆ ಸೇರಿದಾಗಲೂ ಇದೇ. ನನಗೆ ಅನ್ನಿಸೋದು ಪೂರ್ತಿ ಉಲ್ಟಾ. ಈ ಆಟಗಳಲ್ಲಿ ನಮ್ಮ ಮನೆಗಳಿಗೆ ಹತ್ತಿರವಾದ ಕತೆ ಅಂತ ಏನಾದರೂ ಇದ್ದರೆ ಅದು ಈ ಪಾತ್ರಗಳದ್ದೇ.

ಡೋರಿಯನ್ ಪಾವಸ್‌ನನ್ನೇ ತಗೊಳ್ಳಿ. 2014ರ 'ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್' ಆಟದಲ್ಲಿ ನಮ್ಮ ಜೊತೆಗಾರ. ಮಂತ್ರವಾದಿಗಳು ಆಳುವ ಟೆವಿಂಟರ್ ಅನ್ನೋ ದೇಶದವನು, ದೊಡ್ಡ ಮನೆತನ. ಅಲ್ಲಿ ದೊಡ್ಡ ಮನೆತನದವರು ಸಂಬಂಧ ಬೆಳೆಸೋದು ಮಂತ್ರಶಕ್ತಿ ತಲೆಮಾರಿನಿಂದ ತಲೆಮಾರಿಗೆ ಜಾಸ್ತಿ ಆಗಲಿ ಅಂತ, ಅಂದರೆ ಕುಲ ನೋಡಿ, ರಕ್ತ ನೋಡಿ. ಇವನಿಗೂ ಹುಡುಗಿ ಗೊತ್ತು ಮಾಡಿರುತ್ತಾರೆ. ಇವನ ಮನಸ್ಸು ಗಂಡಸರ ಕಡೆಗೆ. ಗುಟ್ಟಾಗಿ ಏನು ಬೇಕಾದರೂ ಮಾಡಿಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ, ಮದುವೆ ಒಂದು ಆಗಿ ವಂಶ ಮುಂದುವರಿಸಿದ್ದರೆ ಸಾಕಿತ್ತು. ಇವನು ಆ ನಾಟಕ ಆಡಲ್ಲ ಅಂತಾನೆ. ಆಗ ಅಪ್ಪ ಏನು ಮಾಡುತ್ತಾನೆ ಗೊತ್ತಾ? ರಕ್ತಮಂತ್ರದಷ್ಟು ಹೀನ ಕೆಲಸ ಇನ್ನೊಂದಿಲ್ಲ ಅಂತ ಮಗನಿಗೆ ಕಲಿಸಿದ ಅಪ್ಪನೇ ಅದೇ ರಕ್ತಮಂತ್ರದಿಂದ ಮಗನ ಮನಸ್ಸು ತಿದ್ದೋಕೆ ಹೊರಡುತ್ತಾನೆ. ವಿಷಯ ಗೊತ್ತಾಗಿ ಮಗ ಮನೆ ಬಿಡುತ್ತಾನೆ.

ಮುಂದೆ ರೆಡ್‌ಕ್ಲಿಫ್ ಊರಿನ ಹೆಂಡದಂಗಡಿಯಲ್ಲಿ ಇಬ್ಬರೂ ಎದುರಾಗುತ್ತಾರೆ. ಮನೆಯ ಆಳು ಬರುತ್ತಾನೆ ಅಂತ ಕಾಗದ ಬಂದಿರುತ್ತೆ, ಹೋಗಿ ನೋಡಿದರೆ ಅಪ್ಪನೇ ನಿಂತಿದ್ದಾನೆ. ಮಗ ಒಳಗೆ ಕಟ್ಟಿಟ್ಟುಕೊಂಡಿದ್ದನ್ನೆಲ್ಲ ಕಾರುತ್ತಾನೆ. ಆಮೇಲೆ ನಿರ್ಧಾರ ಆಟಗಾರನದ್ದು: ನಡಿ ಹೋಗೋಣ ಅನ್ನಬಹುದು, ಅಪ್ಪನ ಮಾತು ಒಂದಿಷ್ಟು ಕೇಳು ಅಂತಲೂ ಅನ್ನಬಹುದು. ಇಲ್ಲಿನ ನನ್ನ ಗೆಳೆಯರಿಗೆ ಇದು ಪ್ರಶ್ನೆಯೇ ಅಲ್ಲ. ಅಂಥ ಅಪ್ಪನ ಹತ್ತಿರ ಏನು ಮಾತು, ಹೊರಟುಬಿಡಬೇಕು ಅಷ್ಟೇ. ನನಗೆ ಅಷ್ಟು ಸಲೀಸಾಗಿ ಕೈ ಏಳಲಿಲ್ಲ. ಯಾಕೆಂದರೆ ಆ ಅಪ್ಪ ರಾಕ್ಷಸ ಅಲ್ಲ, ನಮ್ಮ ಕಡೆ ಮದುವೆ ಮನೆಗಳಲ್ಲಿ ಎಲೆ ಅಡಿಕೆ ಹಾಕ್ಕೊಂಡು ಕೂತಿರುವ ಗೌರವಸ್ಥ. 'ಒಂದು ಮದುವೆ ಮಾಡಿಬಿಡಿ, ಎಲ್ಲ ಸರಿಹೋಗುತ್ತೆ' ಅನ್ನೋರ ಪೈಕಿ. ನಮ್ಮಲ್ಲಿ ರಕ್ತಮಂತ್ರ ಇಲ್ಲ. ಜಾತಕ ಇದೆ, ಹರಕೆ ಇದೆ, ಯಾರೋ ಡಾಕ್ಟರ್ ಇದ್ದಾರೆ, ಕೊನೆಗೆ ಛತ್ರ ಬುಕ್ ಆಗುತ್ತೆ. ಆ ಮದುವೆಯಲ್ಲಿ ಹೆಣ್ಣಾಗಿ ಬಂದವಳ ಬಾಳು ಏನಾಯಿತು ಅಂತ ಯಾರೂ ಲೆಕ್ಕ ಇಡಲ್ಲ.

ಈಗ ತಮಾಷೆ ಕೇಳಿ. ಆ ಆಟ ಇಂಡಿಯಾದಲ್ಲಿ ಮಾರಾಟಕ್ಕೇ ಬರಲಿಲ್ಲ. ಸ್ಥಳೀಯ ಕಾನೂನಿಗೆ ಅಡ್ಡಿ ಆಗಬಾರದು ಅಂತ ಕಂಪನಿಯೇ ವಾಪಸ್ ತಗೊಂಡಿತು. ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಮನ್ನು ಸುಪ್ರೀಂ ಕೋರ್ಟು ಮತ್ತೆ ಎತ್ತಿಹಿಡಿದಿದ್ದು 2013ರ ಡಿಸೆಂಬರಿನಲ್ಲಿ, ಅದರ ಹಲ್ಲು ಕಿತ್ತಿದ್ದು 2018ರ ಸೆಪ್ಟೆಂಬರಿನಲ್ಲಿ. ನಡುವಿನ ಆ ವರ್ಷಗಳಲ್ಲಿ ನಮ್ಮ ಮನೆಯದ್ದೇ ಅನ್ನಿಸೋ ಕತೆ ನಮ್ಮ ಅಂಗಡಿಗೆ ಬರದೇ ಹೋಯಿತು.

ಹಾಗಂತ ಇಲ್ಲಿಯವರು ಹುಟ್ಟುತ್ತಲೇ ಉದಾರಿಗಳು ಅಂತ ಅಂದುಕೊಳ್ಳಬೇಡಿ. ಡ್ರ್ಯಾಗನ್ ಏಜ್ ಮಾಡಿದ ಬಯೋವೇರ್ ಕಂಪನಿ ಇದೇ ಎಡ್ಮಂಟನ್‌ನದ್ದು. ಇದೇ ಊರಿನ ಒಂದು ಕ್ರಿಶ್ಚಿಯನ್ ಕಾಲೇಜು 1991ರಲ್ಲಿ ಡೆಲ್ವಿನ್ ವ್ರೀಂಡ್ ಅನ್ನೋ ಲ್ಯಾಬ್ ನೌಕರನನ್ನು ಗೇ ಅನ್ನೋ ಕಾರಣಕ್ಕೆ ಕೆಲಸದಿಂದ ತೆಗೆದಿತ್ತು. ಅವನು ಕೇಸು ಹಾಕಿ ಕೆನಡಾದ ಸುಪ್ರೀಂ ಕೋರ್ಟ್‌ವರೆಗೂ ಹೋದ, 1998ರ ಏಪ್ರಿಲ್‌ನಲ್ಲಿ ಗೆದ್ದ. ಅದೇ ವರ್ಷದ ಕೊನೆಗೆ ಬಯೋವೇರ್‌ನ ಮೊದಲ 'ಬಾಲ್ಡರ್ಸ್ ಗೇಟ್' ಬಂತು. ಗಂಡಿಗೆ ಗಂಡು, ಹೆಣ್ಣಿಗೆ ಹೆಣ್ಣು ಒಲಿಯಬಹುದಾದ ಇವರ 'ಜೇಡ್ ಎಂಪೈರ್' ಬಂದಿದ್ದು 2005ರಲ್ಲಿ, ಕೆನಡಾ ಇಡೀ ದೇಶದಲ್ಲಿ ಅಂಥ ಮದುವೆಗಳನ್ನು ಒಪ್ಪಿದ ವರ್ಷ. ಕಾನೂನು ಕಾರಣ, ಆಟ ಪರಿಣಾಮ ಅಂತ ನಾನು ಹೇಳ್ತಿಲ್ಲ. ಎರಡೂ ಒಂದೇ ಊರಿನ ಗಾಳಿ ಕುಡಿದವು ಅಷ್ಟೇ. ಗಾಳಿ ತಿರುಗೋದೂ ಉಂಟು. 16ಕ್ಕಿಂತ ಚಿಕ್ಕ ಮಕ್ಕಳು ಶಾಲೆಯಲ್ಲಿ ಬೇರೆ ಹೆಸರಿಂದ ಕರೆಸಿಕೊಳ್ಳಬೇಕಾದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು ಅಂತ ಇದೇ ಆಲ್ಬರ್ಟಾ ಪ್ರಾಂತ್ಯ 2024ರ ಡಿಸೆಂಬರಿನಲ್ಲಿ ಕಾನೂನು ಮಾಡಿತು. ನಮ್ಮ ದೇಸಿ ಮಂದಿಯಲ್ಲಿ ಎಷ್ಟೋ ಜನಕ್ಕೆ ಖುಷಿಯಾಯಿತು.

2023ರ 'ಬಾಲ್ಡರ್ಸ್ ಗೇಟ್ 3' ಮಾಡಿದ್ದು ಬೆಲ್ಜಿಯಂನ ಲಾರಿಯನ್. ಅದರದ್ದು ಬೇರೆಯೇ ದಾರಿ. ನಿಮ್ಮ ಪಾತ್ರದ ಮೈಕಟ್ಟು ಬೇರೆ ಆರಿಸಿ, ದನಿ ಬೇರೆ ಆರಿಸಿ, ಹೇಗೆ ಕರೆಯಬೇಕು ಅನ್ನೋದನ್ನೂ ಬೇರೆಯಾಗಿ ಆರಿಸಿ. ಮುಖ್ಯ ಜೊತೆಗಾರರು ನೀವು ಗಂಡಾದರೂ ಹೆಣ್ಣಾದರೂ ಒಲಿಯುತ್ತಾರೆ. ಡೇಮ್ ಏಲಿನ್, ಇಸೊಬೆಲ್ ಅಂತ ಇಬ್ಬರು ಹೆಂಗಸರ ಪ್ರೀತಿ ಇದೆ. ಇಸೊಬೆಲ್‌ಳ ಅಪ್ಪ ಮಗಳ ಪ್ರೇಯಸಿಯನ್ನು ನೂರು ವರ್ಷ ಸೆರೆಯಲ್ಲಿ ಇಡುತ್ತಾನೆ, ಆದರೆ ಅವಳು ಹೆಣ್ಣು ಅನ್ನೋ ಸಿಟ್ಟಿಗಲ್ಲ, ತನಗೆ ಸಾವು ಬರಬಾರದು ಅಂತ. ಆ ಲೋಕದಲ್ಲಿ ಇದು ಯಾರಿಗೂ ವಿಷಯವೇ ಅಲ್ಲ. ದಿನಾ ಮನೆಯಲ್ಲಿ ಬೈಸಿಕೊಳ್ಳೋ ಹುಡುಗನಿಗೆ ಅಂಥ ಲೋಕದಲ್ಲಿ ಓಡಾಡೋದು ಎಷ್ಟು ಹಾಯ್ ಅನ್ನಿಸುತ್ತೆ ಅನ್ನೋದು ನನಗೆ ಅರ್ಥವಾಗುತ್ತೆ. ಆದರೂ ಯಾರು ಬೇಕಾದರೂ ಯಾರಿಗೆ ಬೇಕಾದರೂ ಒಲಿಯೋ ಕಡೆ ಒಲವಿಗೆ ತೂಕ ಕಡಿಮೆ. ಜೊತೆಗಾರ ಆಸ್ಟೇರಿಯನ್ ಸಿಗುತ್ತಾನೆ ಅಂತ ಮೊದಲೇ ಗೊತ್ತಿದ್ದರೆ ಏನು ಮಜಾ?

ಡ್ರ್ಯಾಗನ್ ಏಜ್ ಸರಣಿಯದ್ದೇ ಆದ 2024ರ 'ವೇಲ್‌ಗಾರ್ಡ್' ಆಟದ ಟಾಶ್ ಅನ್ನೋ ಜೊತೆಗಾರ ಪಾತ್ರದ ಬಗ್ಗೆ ಎಲ್ಲರೂ ಗೇಲಿ ಮಾಡಿದರು. ತಾನು ಗಂಡೂ ಅಲ್ಲ ಹೆಣ್ಣೂ ಅಲ್ಲ ಅಂತ ಊಟದ ಹೊತ್ತಲ್ಲಿ ಅಮ್ಮನಿಗೆ ಹೇಳೋ ದೃಶ್ಯದ ತುಣುಕು ಎಲ್ಲ ಕಡೆ ಓಡಾಡಿತು. ಸಂಭಾಷಣೆ ಸಪ್ಪೆ, ಪಾಠ ಒಪ್ಪಿಸಿದ ಹಾಗಿದೆ, ಒಪ್ಪಿದೆ. ಆದರೆ ಅಮ್ಮ ಶಥಾನ್‌ಳನ್ನು ನೋಡಿ. ಹುಟ್ಟಿದ ನಾಡು ಬಿಟ್ಟು ಬಂದ ಪಂಡಿತೆ. ಮಗು ಹೇಳಿದ್ದನ್ನು ತನ್ನ ಹಳೇ ನಾಡಿನ ರೀತಿಯಲ್ಲಿ ಅರ್ಥ ಮಾಡಿಕೊಳ್ಳೋಕೆ ಒದ್ದಾಡುತ್ತಾಳೆ, ಆಗಲ್ಲ. ಇಲ್ಲಿನ ಯಾವ ಕನ್ನಡ ಅಮ್ಮನಾದರೂ ಆಗಬಹುದು ಅವಳು. ಆಟ ನಿಜವಾಗಿ ಎಡವೋದು ಮುಂದೆ: ಟಾಶ್ ಅಮ್ಮನ ನಾಡಿನ ದಾರಿ ಹಿಡಿಯಬೇಕೋ ಬೆಳೆದ ನಾಡಿನ ದಾರಿಯೋ ಅಂತ ನಮ್ಮನ್ನೇ ಆರಿಸೋಕೆ ಬಿಡುತ್ತೆ. ಇಲ್ಲಿ ಬೆಳೆದ ಮಕ್ಕಳನ್ನು ಕೇಳಿ, ನಗುತ್ತಾರೆ. ಎರಡನ್ನೂ ಇಟ್ಟುಕೊಂಡೇ ಬದುಕೋದು ತಾನೇ ಅವರ ಪಾಡು?

ನಮ್ಮವರ ಇನ್ನೊಂದು ಮಾತೂ ನನಗೆ ಸೇರಲ್ಲ. ನಮ್ಮಲ್ಲಿ ಬೃಹನ್ನಳೆ ಇಲ್ವಾ, ಶಿಖಂಡಿ ಇಲ್ವಾ, ಯಕ್ಷಗಾನದ ಸ್ತ್ರೀವೇಷ ಇಲ್ವಾ ಅಂತ. ಇದೆ. ಬೃಹನ್ನಳೆ ವರ್ಷ ಮುಗಿದರೆ ಅರ್ಜುನ, ಶಿಖಂಡಿ ಭೀಷ್ಮನ ಮುಂದೆ ನಿಲ್ಲಿಸೋಕೆ ಬೇಕಾದವನು, ಸ್ತ್ರೀವೇಷದವರು ಬಣ್ಣ ತೊಳೆದು ಬೆಳಗಿನ ಬಸ್ಸು ಹಿಡಿಯುತ್ತಾರೆ. ಮಂಜಮ್ಮ ಜೋಗತಿ 2021ರಲ್ಲಿ ಪದ್ಮಶ್ರೀ ತಗೊಳ್ಳುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದ ವಿಡಿಯೋ ಎಲ್ಲರೂ ಹಂಚಿಕೊಂಡೆವು. ಹಂಚಿಕೊಂಡವರಲ್ಲಿ ಎಷ್ಟು ಜನ ಒಬ್ಬ ಜೋಗತಿಗೆ ಮನೆ ಬಾಡಿಗೆಗೆ ಕೊಡುತ್ತಾರೆ?

ನಾಳೆ ಬೆಂಗಳೂರಿನ ಯಾರಾದರೂ ಫ್ಯಾಂಟಸಿ ಆಟ ಮಾಡಿ, ತಲೆ ಮೇಲೆ ಕೊಡ ಹೊತ್ತ ಜೋಗತಿಯನ್ನು ಜೊತೆಗಾರ್ತಿ ಮಾಡಿದರೆ ಮೊದಲ ದಿನವೇ ಕೊಳ್ಳುತ್ತೇನೆ. ಒಂದೇ ಷರತ್ತು, ಅವಳನ್ನು ಸುಮ್ನೆ ಆಶೀರ್ವಾದ ಮಾಡೋ ದೇವತೆ ಮಾಡಿ ಮೂಲೆಯಲ್ಲಿ ನಿಲ್ಲಿಸಬೇಡಿ. ಅವಳಿಗೆ ಸಾಲ ಇರಲಿ, ಬಾಯಿ ಜೋರಿರಲಿ, ಮಾತು ಬಿಟ್ಟ ಅಣ್ಣ ಒಬ್ಬ ಇರಲಿ, ಆಟಗಾರ ಪಾಲಿನಲ್ಲಿ ಮೋಸ ಮಾಡಿದರೆ ನಡುದಾರಿಯಲ್ಲೇ ಬೈದು ತನ್ನ ಚೌಡಿಕೆ ಎತ್ತಿಕೊಂಡು ಹೊರಟುಬಿಡಲಿ.