ಹಳೆಯ ದೆವ್ವಗಳಿಗೆ ಹೊಸ ಮೈ ಬೇಕಾ?

ಪ್ರಶ್ನೆ: ಯುರೋಪಿನ ಹಳೆಯ ಹಾರರ್ ಚಿತ್ರಗಳನ್ನು ಮತ್ತೆ ತೆಗೆಯಬೇಕಾ, ಇದ್ದ ಹಾಗೇ ಬಿಡಬೇಕಾ?

ಪರ: ತೆಗೆಯಲಿ, ಭಯ ಇರುವವರು ತೆಗೆಯಲಿ

ನನ್ನ ಮಾತೆಲ್ಲ ಒಂದೇ ಕಥೆಯ ಸುತ್ತ ಇದೆ. ‘ನೊಸ್ಫೆರಾಟು’. 1922ರ ಜರ್ಮನ್ ಮೂಕಿ ಚಿತ್ರ, ಮುರ್ನೌ ನಿರ್ದೇಶಿಸಿದ್ದು. ಬೋಳು ತಲೆ, ಇಲಿಯಂಥ ಹಲ್ಲು, ಉದ್ದುದ್ದ ಉಗುರಿನ, ರಕ್ತ ಹೀರುವ ಕೌಂಟ್ ಓರ್ಲಾಕ್. ಅವನ ನೆರಳು ಮೆಟ್ಟಿಲು ಹತ್ತಿ ಹೋಗುತ್ತದಲ್ಲ, ಆ ದೃಶ್ಯಕ್ಕೆ ನೂರು ವರ್ಷ ದಾಟಿದೆ. ರಾತ್ರಿ ಒಬ್ಬಳೇ ಕೂತು ನೋಡಿದರೆ ಇವತ್ತಿಗೂ ನನಗೆ ಮೈ ಜುಮ್ಮೆನ್ನುತ್ತದೆ.

ಆದರೆ ಅದೂ ಎರವಲು ಕಥೆಯೇ. ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ ‘ಡ್ರಾಕುಲಾ’ವನ್ನು ಯಾರನ್ನೂ ಕೇಳದೆ ತೆಗೆದುಕೊಂಡು, ಹೆಸರು ಬದಲಿಸಿ ಮಾಡಿದ ಚಿತ್ರ. ಸ್ಟೋಕರ್ ಹೆಂಡತಿ ಫ್ಲಾರೆನ್ಸ್ ಕೋರ್ಟಿಗೆ ಹೋದರು. ಪ್ರಿಂಟುಗಳನ್ನೆಲ್ಲ ನಾಶ ಮಾಡಿ ಎಂದು 1925ರಲ್ಲಿ ಜರ್ಮನ್ ಕೋರ್ಟ್ ಹೇಳಿತು. ಅಲ್ಲಿ ಇಲ್ಲಿ ತಪ್ಪಿಸಿಕೊಂಡ ಪ್ರಿಂಟುಗಳಿಂದಾಗಿ ನಮಗೆ ಈ ಚಿತ್ರ ಸಿಕ್ಕಿದೆ. ಎರವಲು ತಂದವರು ಸುಮ್ನೆ ಕೂರಲಿಲ್ಲ. ಕಾದಂಬರಿಯ ಡ್ರಾಕುಲಾ ಹಗಲಲ್ಲೂ ಓಡಾಡಬಲ್ಲ. ಬೆಳಕು ಬಿದ್ದರೆ ವ್ಯಾಂಪೈರ್ ಸಾಯುತ್ತಾನೆ ಎನ್ನುವುದು ಈ ಚಿತ್ರದಿಂದ ಬಂದದ್ದು. ಈಗ ಅದು ಮಕ್ಕಳಿಗೂ ಗೊತ್ತು. ಯಾರೂ ಕಥೆಯನ್ನು ಮುಟ್ಟದೇ ಇದ್ದಿದ್ದರೆ ಆ ಮುಂಜಾವಿನ ದೃಶ್ಯ ನಮಗೆ ಸಿಗುತ್ತಿತ್ತಾ?

1979ರಲ್ಲಿ ವರ್ನರ್ ಹೆರ್ಜಾಗ್ ಇದನ್ನು ಮತ್ತೆ ತೆಗೆದರು. ಅವರು ಹುಟ್ಟಿದ್ದು 1942ರಲ್ಲಿ. ಆ ಪೀಳಿಗೆಯ ಜರ್ಮನ್ ನಿರ್ದೇಶಕರಿಗೆ ಅಪ್ಪಂದಿರ ಕಾಲದ ಸಿನಿಮಾ ಬೇಡವಾಗಿತ್ತು, ಯಾಕೆಂದರೆ ಅದು ನಾಜಿಗಳ ಕಾಲ. ಹಾಗಾಗಿ ಹೆರ್ಜಾಗ್ ಮುರ್ನೌ ಅವರಂಥ ಅಜ್ಜಂದಿರ ಹತ್ತಿರ ಹೋದರು. ನನಗೆ ಈ ಚಿತ್ರ ತುಂಬಾ ಇಷ್ಟವಾಗುವುದು ಇದಕ್ಕೇ. ಇಲ್ಲಿ ಮುರ್ನೌ ಮೇಲೆ ಗೌರವ ಇದೆ, ಭಯ ಮಾತ್ರ ಹೆರ್ಜಾಗ್ ಅವರದೇ. ನಟ ಕ್ಲೌಸ್ ಕಿನ್ಸ್ಕಿಯ ಕೌಂಟ್ ಸಾಯಲಾಗದೆ ಬಳಲಿ ಹೋದವನು. ಅವನನ್ನು ನೋಡಿದರೆ ಹೆದರಿಕೆಯ ಜೊತೆ ಅಯ್ಯೋ ಪಾಪ ಅನ್ನಿಸುತ್ತದೆ. ಕೌಂಟ್ ಜೊತೆ ಊರಿಗೆ ಬರುವ ಪ್ಲೇಗಿನ ದೃಶ್ಯ ಇದೆಯಲ್ಲ, ಅದು ಇನ್ನೊಂದೇ ರೀತಿ. ಊರಿನ ಚೌಕದಲ್ಲಿ ಶವಪೆಟ್ಟಿಗೆಗಳು. ಇನ್ನೇನು ಸಾಯುತ್ತೇವೆ ಎಂದು ಗೊತ್ತಿದ್ದವರು ಮೇಜು ಹಾಕಿಕೊಂಡು ಊಟಕ್ಕೆ ಕೂತಿದ್ದಾರೆ, ಸುತ್ತ ಇಲಿಗಳು. ಸ್ವಲ್ಪ ಹೊತ್ತಿಗೆ ಮೇಜು ಮಾತ್ರ ಇದೆ, ಇಲಿಗಳಿವೆ, ಜನ ಇಲ್ಲ. ಮುರ್ನೌ ಚಿತ್ರದಲ್ಲಿ ಇದು ಇಲ್ಲ.

2024ರಲ್ಲಿ ಅಮೆರಿಕದ ರಾಬರ್ಟ್ ಎಗರ್ಸ್ ಮೂರನೇ ಸಲ ತೆಗೆದರು. ಹೆಚ್ಚಿನ ಚಿತ್ರೀಕರಣ ನಡೆದದ್ದು ಜೆಕ್ ದೇಶದಲ್ಲಿ. ಇಲ್ಲಿ ಕಥೆ, ಕೌಂಟ್‌ಗೆ ಮನೆ ಮಾರಲು ಅವನ ಕೋಟೆಗೆ ಹೋಗುವ ಯುವಕನ ಹೆಂಡತಿ ಎಲ್ಲೆನ್‌ದು. ಒಂಟಿ ಹುಡುಗಿಯಾಗಿದ್ದಾಗ ಅವಳೇ ಕತ್ತಲಿಗೆ ಕೂಗಿ ಕರೆದಿದ್ದಳು, ಕೌಂಟ್ ಬಂದಿದ್ದ. ದೊಡ್ಡವಳಾದ ಮೇಲೆ ಅವಳ ಮಾತನ್ನು ಯಾರೂ ನಂಬುವುದಿಲ್ಲ. ಡಾಕ್ಟರು ಹಾಸಿಗೆಗೆ ಕಟ್ಟಿಹಾಕಿಸುತ್ತಾರೆ. 1922ರ ಎಲ್ಲೆನ್ ಊರಿಗಾಗಿ ಪ್ರಾಣ ಕೊಡುವ ಹೆಣ್ಣು. ಈ ಎಲ್ಲೆನ್‌ಗೆ ಅದರ ಜೊತೆ ಒಂದು ಹಳೆಯ ಗಾಯವೂ ಇದೆ. ಚಿತ್ರ ಮುಗಿದಾಗ ನನ್ನ ಪಕ್ಕ ಕೂತಿದ್ದ ಚಿಕ್ಕಮ್ಮನ ಮಗಳು ಅಳುತ್ತಿದ್ದಳು. ಮೂಕಿ ಚಿತ್ರವನ್ನೇ ನೋಡಿರದ ಹುಡುಗಿ ಅವಳು. ಮರುದಿನ ಫೋನ್ ಮಾಡಿ, ‘ಅಕ್ಕಾ, ಆ ಹಳೇದು ಎಲ್ಲಿ ಸಿಗತ್ತೆ?’ ಎಂದು ಕೇಳಿದಳು. ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ವಿರೋಧ: ಬಿಡಿ, ಅವು ಅಲ್ಲೇ ಚೆನ್ನಾಗಿವೆ

ನಾನು ಬಾಗಿಲ ಹಿಡಿಯಿಂದ ಶುರು ಮಾಡುತ್ತೇನೆ. ಇಟಲಿಯ ದಾರಿಯೋ ಅರ್ಜೆಂಟೊ 1977ರಲ್ಲಿ ‘ಸಸ್ಪೀರಿಯಾ’ ತೆಗೆದರು. ಮಾಟಗಾತಿಯರು ನಡೆಸುವ ಡ್ಯಾನ್ಸ್ ಶಾಲೆಯ ಕಥೆ. ಪಾತ್ರಗಳು ಚಿಕ್ಕ ಮಕ್ಕಳಾಗಿರಬೇಕು ಎಂಬುದು ಅವರ ಆಸೆಯಾಗಿತ್ತು. ಅದು ಆಗದೆ ದೊಡ್ಡ ಹುಡುಗಿಯರನ್ನು ಹಾಕಿಕೊಂಡರು. ಆದರೆ ಬಾಗಿಲ ಹಿಡಿಗಳನ್ನು ತಲೆಯ ಎತ್ತರಕ್ಕೆ ಇಡಿಸಿದರು. ನೋಡುವಾಗ ನಮಗೆ ಅದು ಗೊತ್ತಾಗುವುದಿಲ್ಲ. ಬಾಗಿಲು ತೆಗೆಯಲು ಕೈ ಮೇಲೆತ್ತುವ ಆ ಹುಡುಗಿಯರು ಯಾಕೋ ಮಕ್ಕಳ ಹಾಗೆ ಕಾಣುತ್ತಾರೆ, ಅಷ್ಟೇ.

ಬಣ್ಣವೂ ಹಾಗೇ. ಛಾಯಾಗ್ರಾಹಕ ಲುಚಾನೊ ತೊವೊಲಿ ಬಣ್ಣದ ಬಟ್ಟೆಗಳ ಮೂಲಕ ಬೆಳಕು ಹಾಯಿಸಿ, ಲೈಟನ್ನು ನಟರ ಹತ್ತಿರಕ್ಕೇ ತಂದರು. ಆಗಲೇ ಬಳಕೆ ತಪ್ಪುತ್ತಿದ್ದ ಟೆಕ್ನಿಕಲರ್ ವಿಧಾನದಲ್ಲಿ ಪ್ರಿಂಟ್ ಮಾಡಿಸಿದರು. ಆ ಕೆಂಪು ನಿಜವಾದ ರಕ್ತದ ಕೆಂಪಲ್ಲ. ಜ್ವರ ಬಂದಾಗ ಕನಸಿನಲ್ಲಿ ಕಾಣುವ ಕೆಂಪು. ಗಾಬ್ಲಿನ್ ತಂಡದ ಸಂಗೀತವನ್ನು ಶೂಟಿಂಗ್ ನಡೆಯುವಾಗಲೇ ಸೆಟ್‌ನಲ್ಲಿ ಜೋರಾಗಿ ಹಾಕುತ್ತಿದ್ದರು. ಕಥೆ ಅಂತ ನೋಡಿದರೆ ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ. ಭಯ ಇರುವುದು ಆ ಹಿಡಿಯಲ್ಲಿ, ಆ ಕೆಂಪಿನಲ್ಲಿ, ಆ ಸದ್ದಿನಲ್ಲಿ. ಹಾಗಿದ್ದಾಗ ಮತ್ತೆ ತೆಗೆಯುವುದು ಎಂದರೆ ಏನನ್ನು ತೆಗೆಯುವುದು?

2018ರಲ್ಲಿ ಲೂಕಾ ಗ್ವಾದನಿನೊ ತೆಗೆದರು. ಬಣ್ಣಗಳನ್ನು ಬೇಕೆಂದೇ ಬೂದು ಮಾಡಿದರು. ಕಥೆಯನ್ನು 1977ರ ಬರ್ಲಿನ್‌ಗೆ ಒಯ್ದು, ಅಲ್ಲಿನ ಉಗ್ರರ ಹಾವಳಿ, ಯುದ್ಧದ ಪಾಪಪ್ರಜ್ಞೆ, ಎಲ್ಲ ಸೇರಿಸಿದರು. ಎರಡೂವರೆ ಗಂಟೆಯ ಚಿತ್ರ. ನಿರ್ದೇಶಕರ ಶ್ರಮದ ಬಗ್ಗೆ ನನಗೆ ಗೌರವವಿದೆ, ನೃತ್ಯದ ದೃಶ್ಯಗಳಂತೂ ಭಯಂಕರ ಚೆನ್ನಾಗಿವೆ. ಆದರೆ ಮೊದಲಿನದರಲ್ಲಿ ದುಷ್ಟತನಕ್ಕೆ ಕಾರಣವೇ ಇರಲಿಲ್ಲ, ಅದಕ್ಕೇ ಹೆದರಿಕೆಯಾಗುತ್ತಿತ್ತು. ಇಲ್ಲಿ ಎಲ್ಲಕ್ಕೂ ಅರ್ಥ ಹುಡುಕುತ್ತಾ ಕೂರಬೇಕು. ಇಷ್ಟೆಲ್ಲ ಹೊಸದು ಹೇಳುವುದಿದ್ದರೆ ಹೊಸ ಹೆಸರಲ್ಲೇ ಹೇಳಬಹುದಿತ್ತಲ್ವಾ?

ಮೂರು ‘ನೊಸ್ಫೆರಾಟು’ ತೋರಿಸಿ ವಾದ ಮಾಡುವುದು ಸುಲಭ. ನನಗೂ ಆ ಮೂರೂ ಇಷ್ಟ. ಅಂಥದ್ದು ಅಪರೂಪಕ್ಕೆ ಆಗುತ್ತದೆ. ಜಾಸ್ತಿ ಆಗುವುದು ಬೇರೆಯೇ.

ಡೆನ್ಮಾರ್ಕ್‌ನ 2022ರ ‘ಸ್ಪೀಕ್ ನೋ ಈವಿಲ್’ ನೋಡಿ. ಇಟಲಿಯ ಪ್ರವಾಸದಲ್ಲಿ ಒಂದು ಡ್ಯಾನಿಶ್ ಸಂಸಾರಕ್ಕೆ ಡಚ್ ಸಂಸಾರದ ಪರಿಚಯವಾಗುತ್ತದೆ. ಆಮೇಲೆ ಇವರು ಅವರ ಮನೆಗೆ ಹೋಗುತ್ತಾರೆ. ಎರಡೂ ಕಡೆಯವರಿಗೆ ಇಂಗ್ಲಿಷ್ ತಾಯ್ನುಡಿಯಲ್ಲ, ಅದರಲ್ಲೇ ತಡವರಿಸಿಕೊಂಡು ಮಾತಾಡಬೇಕು. ಆತಿಥೇಯರು ಹದ್ದು ಮೀರುತ್ತಾ ಹೋಗುತ್ತಾರೆ. ಇವರು ಬೇಸರವಾದರೂ ಹೇಳುವುದಿಲ್ಲ, ಮರ್ಯಾದೆ. ಇದು ಒರಟುತನವೋ, ಆ ಊರಿನ ರೀತಿಯೇ ಹೀಗೋ, ತಾನೇ ಮಾತನ್ನು ತಪ್ಪಾಗಿ ತಿಳಿದೆನೋ ಎಂಬ ಅನುಮಾನ ಬಿಡುವುದೇ ಇಲ್ಲ. ಬೇರೆ ಭಾಷೆಯವರ ಮನೆಯಲ್ಲಿ ಉಳಿದುಕೊಂಡವರಿಗೆಲ್ಲ ಈ ಮುಜುಗರ ಗೊತ್ತು. ಕೊನೆಗೆ ಆ ಮರ್ಯಾದೆಗೇ ಅವರು ಬಲಿಯಾಗುತ್ತಾರೆ.

ಎರಡೇ ವರ್ಷಕ್ಕೆ, 2024ರಲ್ಲಿ, ಇಂಗ್ಲಿಷ್ ಆವೃತ್ತಿ ಬಂತು. ಇಲ್ಲಿ ಅತಿಥಿಗಳು ಅಮೆರಿಕದವರು, ಮನೆಯವರು ಬ್ರಿಟಿಷರು. ಎಲ್ಲರಿಗೂ ಒಂದೇ ಭಾಷೆ. ಕೊನೆಯಲ್ಲಿ ಸಂಸಾರ ತಿರುಗಿ ಬಿದ್ದು, ಹೊಡೆದಾಡಿ, ಬದುಕಿ ಹೊರಬರುತ್ತದೆ. ಥಿಯೇಟರಿನಲ್ಲಿ ಚಪ್ಪಾಳೆ ಬಿತ್ತು. ನನಗೆ ಮಾತ್ರ ಯಾರೋ ಚಿತ್ರದ ಬೆನ್ನುಮೂಳೆಯನ್ನೇ ಕಿತ್ತುಕೊಂಡ ಹಾಗಾಯಿತು.

ಇದು ಹೊಸ ಚಾಳಿಯಲ್ಲ. 1988ರ ಡಚ್ ಚಿತ್ರ ‘ದಿ ವ್ಯಾನಿಶಿಂಗ್’ ಇದೆ. ಪೆಟ್ರೋಲ್ ಬಂಕಿನಲ್ಲಿ ಒಬ್ಬ ಹುಡುಗಿ ಕಾಣೆಯಾಗುತ್ತಾಳೆ. ಅವಳಿಗೇನಾಯಿತು ಎಂದು ತಿಳಿಯದೆ ಪ್ರಿಯಕರ ವರ್ಷಗಟ್ಟಲೆ ಒದ್ದಾಡುತ್ತಾನೆ. ಅದೇ ನಿರ್ದೇಶಕ ಜಾರ್ಜ್ ಸ್ಲೂಯಿಜರ್ 1993ರಲ್ಲಿ ಹಾಲಿವುಡ್‌ಗಾಗಿ ಮತ್ತೆ ತೆಗೆದರು. ಅದರಲ್ಲಿ ನಾಯಕನನ್ನು ಮಣ್ಣಿನಿಂದ ಹೊರಗೆ ತೆಗೆದು ಉಳಿಸುತ್ತಾರೆ. ಮೊದಲಿನ ಚಿತ್ರದಲ್ಲಿ ಅವನಿಗೆ ಎಚ್ಚರವಾಗುತ್ತದೆ. ಪೂರ್ತಿ ಕತ್ತಲು. ಲೈಟರ್ ಹಚ್ಚಿ ನೋಡುತ್ತಾನೆ. ಸುತ್ತಲೂ ಮರದ ಹಲಗೆ. ಅವಳಿಗೇನಾಯಿತು ಎಂದು ಅವನಿಗೆ ಈಗ ಗೊತ್ತಾಗಿದೆ. ಲೈಟರ್ ಆರುತ್ತದೆ.