ಅಟ್ಟದಿಂದಿಳಿದ ಗಂಡಭೇರುಂಡ

ನಮ್ಮ ಮನೆ ಅಟ್ಟದ ಮೇಲೆ ಏನಿದೆ ಎಂದು ಕೇಳಬೇಡಿ. ಏನಿಲ್ಲ ಎಂದು ಕೇಳಿ, ಬೇಗ ಹೇಳಿ ಮುಗಿಸುತ್ತೇನೆ. ಹಿಡಿ ಮುರಿದ ಕುಕ್ಕರು, ಕತ್ತು ನಿಲ್ಲದ ಟೇಬಲ್ ಫ್ಯಾನು, ಎರಡು ಟ್ರಂಕಿನ ತುಂಬ ಯಾರೂ ಉಣ್ಣದ ಸ್ಟೀಲ್ ತಟ್ಟೆ, ನನ್ನನ್ನು ತೂಗಿದ ತೊಟ್ಟಿಲಿನ ಮೂರು ಕಾಲು, ಅಪ್ಪನ ಯೆಜ್ಡಿಯ ಪೆಟ್ರೋಲ್ ಟ್ಯಾಂಕು, ಅದರದೇ ಜೋಡಿ ಸೈಲೆನ್ಸರು. ಕುವೆಂಪುನಗರದ ಮೂವತ್ತು-ನಲವತ್ತರ ಸೈಟಿನ ಮನೆ ಇಷ್ಟನ್ನೂ ಹೊಟ್ಟೆಗೆ ಹಾಕಿಕೊಂಡಿರುವುದಕ್ಕೆ ಅಮ್ಮನ ಒಂದೇ ಮಾತು ಕಾರಣ: "ಇರ್ಲಿ ಬಿಡೋ, ಯಾವುದಕ್ಕಾದ್ರೂ ಬೇಕಾಗುತ್ತೆ." ಆ 'ಯಾವುದಕ್ಕಾದರೂ' ಎನ್ನುವುದು ಮೂವತ್ತು ವರ್ಷ ಈ ಕಡೆ ತಲೆ ಹಾಕಿರಲಿಲ್ಲ. ಹೋದ ಆಷಾಢದಲ್ಲಿ ಬಂತು. ಕರೆದುಕೊಂಡು ಬಂದವನು ನಾನೇ.

ತಪ್ಪು ನಮ್ಮ ಷಡ್ಡಕನದು. ಉತ್ತರ ಭಾರತದ ಟೂರಿಗೆ ಹೋದವನು ಸುಮ್ಮನೆ ತಾಜಮಹಲಿನ ಫೋಟೊ ಕಳಿಸಿದ್ದರೆ ಆಗುತ್ತಿತ್ತು. ಚಂಡೀಗಢದ ರಾಕ್ ಗಾರ್ಡನ್ನಿನ ನಲವತ್ತು ಫೋಟೊ ಕಳಿಸಿದ. ಒಡೆದ ಬಳೆಯ ಸೀರೆ ಉಟ್ಟ ಹೆಂಗಸರು, ಪಿಂಗಾಣಿ ಚೂರಿನ ಕೋತಿಗಳು. ಅದನ್ನು ಮಾಡಿದ ನೇಕ್ ಚಂದ್ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್ಸ್‌ಪೆಕ್ಟರ್. ಹೊಸ ನಗರ ಕಟ್ಟಲು ಕೆಡವಿದ ಊರುಗಳ ಅವಶೇಷವನ್ನು ಸೈಕಲ್ಲಿನಲ್ಲಿ ಹೊತ್ತು, ಕಾಡು ಬೆಳೆದ ಸರ್ಕಾರಿ ಜಾಗದಲ್ಲಿ 1957ರಿಂದ ಕದ್ದುಮುಚ್ಚಿ ಕೆಲಸ ಮಾಡಿದರು. ಸರ್ಕಾರಕ್ಕೆ ಗೊತ್ತಾಗಲು ಹತ್ತಿರ ಹತ್ತಿರ ಹದಿನೆಂಟು ವರ್ಷ ಬೇಕಾಯಿತು. 1976ರಲ್ಲಿ ಅದು ಜನರಿಗೆ ತೆರೆಯಿತು, 1984ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಾನು ಅಟ್ಟಕ್ಕೆ ಏಣಿ ಹಾಕಿದ ಹದಿನೆಂಟನೇ ನಿಮಿಷಕ್ಕೆ ಎದುರು ಮನೆಯವರು ಗೇಟಿನಲ್ಲಿ ನಿಂತಿದ್ದರು.

"ಏನ್ ಸಾರ್, ಮನೆ ಖಾಲಿ ಮಾಡ್ತಿದೀರಾ?"

ಮೊದಲ ಪ್ರಯೋಗ ಕಮೋಡಿನ ಮೇಲೆ. ಬಾತ್‌ರೂಮು ರಿಪೇರಿಯಾದಾಗ ಕಿತ್ತ ಹಳೇ ಕಮೋಡು ಹಿತ್ತಲಲ್ಲಿ ಬಾಯಿ ತೆರೆದು ಕೂತಿತ್ತು. ತೊಳೆದು, ಉಜ್ಜಿ, ಹಳದಿ ಬಣ್ಣ ಬಳಿದು, ಮಣ್ಣು ಗೊಬ್ಬರ ತುಂಬಿ, ದೇವರಾಜ ಮಾರ್ಕೆಟ್ ಹತ್ತಿರದಿಂದ ತಂದ ಮಲ್ಲಿಗೆ ಗಿಡ ನೆಟ್ಟೆ. ಮೈಸೂರಲ್ಲಿದ್ದುಕೊಂಡು ಮಲ್ಲಿಗೆ ಬಿಟ್ಟು ಬೇರೇನು ನೆಡಲಿ? ಅಮ್ಮ ಬಂದು ನೋಡಿದರು. "ಹೂವೇನೋ ಬಿಡುತ್ತೆ. ಯಾವ ದೇವರಿಗಿಡ್ಲಿ, ಹೇಳು." ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಪುಣ್ಯಕ್ಕೆ ಗಿಡವೇ ಉತ್ತರ ಕೊಟ್ಟಿತು. ಕೆಟ್ಟ ವಾಸನೆ ಮೇಲೆ ಬಾರದಿರಲೆಂದು ಕಮೋಡಿನ ಕೊರಳನ್ನು ಬಾಗಿಸಿ, ಅಲ್ಲಿ ಸದಾ ನೀರು ನಿಲ್ಲುವ ಹಾಗೆ ಮಾಡಿರುತ್ತಾರೆ. ಅದರ ಹುಟ್ಟುಗುಣವೇ ನೀರು ಹಿಡಿದಿಡುವುದು. ಮೂರು ವಾರದಲ್ಲಿ ಬೇರು ಕೊಳೆತು ಮಲ್ಲಿಗೆ ಹೋಯಿತು. ದೇವರ ಪ್ರಶ್ನೆಯೂ ಅದರ ಜೊತೆಗೇ ಹೋಯಿತು.

ಇದರಿಂದ ಬುದ್ಧಿ ಕಲಿಯಬಹುದಿತ್ತು. ನಾನು ಅದರ ಬದಲು ದೊಡ್ಡದಕ್ಕೆ ಕೈ ಹಾಕಿದೆ.

ಯೆಜ್ಡಿಯ ಎರಡು ಸೈಲೆನ್ಸರುಗಳನ್ನು ಟ್ಯಾಂಕಿನ ಆಚೆ ಈಚೆ ಇಟ್ಟು ಒಂದು ಭಾನುವಾರ ನೋಡುತ್ತ ಕೂತಿದ್ದೆ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು ಕೊಟ್ಟ ಗಾಡಿ ಅದು. ಒಂದು ಒಡಲು, ಎರಡು ಕೊರಳು. ಗಂಡಭೇರುಂಡ! ಅರಮನೆಯ ಲಾಂಛನದಲ್ಲಿ, ಸರ್ಕಾರಿ ಕಾಗದದ ನೆತ್ತಿಯಲ್ಲಿ, ಕೆಂಪು ಬಸ್ಸಿನ ಪಕ್ಕೆಯಲ್ಲಿ ಹುಟ್ಟಿದಾಗಿನಿಂದ ನೋಡಿದ ಹಕ್ಕಿ ನಮ್ಮ ಅಟ್ಟದಲ್ಲೇ ಬಿಡಿಬಿಡಿಯಾಗಿ ಮಲಗಿತ್ತು. ಅದೂ ಯಾದವಗಿರಿಯಲ್ಲಿ ಹುಟ್ಟಿದ ಗಾಡಿಯ ಸಾಮಾನು. 1961ರಿಂದ ಜಾವಾ, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಬೈಕು ಮಾಡಿದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಮೈಸೂರಿನ ಗಾಡಿಯಿಂದ ಮೈಸೂರಿನ ಹಕ್ಕಿ! ನನಗೆ ಮೈ ಜುಮ್ಮೆಂದಿತು.

"ಪಿಕಾಸೊ 1942ರಲ್ಲಿ ಸೈಕಲ್ ಸೀಟಿಗೆ ಹ್ಯಾಂಡಲ್ ಸಿಕ್ಕಿಸಿ ಗೂಳಿ ತಲೆ ಅಂದ. ಜಗತ್ತೇ ಒಪ್ಕೊಳ್ತು," ಎಂದೆ ಹೆಂಡತಿಗೆ.

"ಅವನ ಹೆಂಡ್ತಿ ಏನಂದ್ಲಂತೆ?"

ಆ ವಿಷಯ ಎಲ್ಲೂ ಓದಿರಲಿಲ್ಲ.

ಬಂಬೂ ಬಜಾರಿನ ಕಡೆ ಒಂದು ವೆಲ್ಡಿಂಗ್ ಅಂಗಡಿಗೆ ಎಲ್ಲವನ್ನೂ ಆಟೋದಲ್ಲಿ ಹೇರಿಕೊಂಡು ಹೋದೆ. ವೆಲ್ಡರು ಟ್ಯಾಂಕು ನೋಡಿದ್ದೇ ಹಿಂದಕ್ಕೆ ಸರಿದ. "ಇದಕ್ಕೆ ನೀರ್ ತುಂಬ್ಸಿ ಸಾರ್ ಮೊದ್ಲು." ಮೂವತ್ತು ವರ್ಷದಿಂದ ಖಾಲಿ ಇದೆ ಎಂದೆ. "ಖಾಲಿ ಟ್ಯಾಂಕೇ ಡೇಂಜರ್ ಸಾರ್. ತುಂಬಿರೋದು ಉರಿಯುತ್ತೆ, ಖಾಲಿದು ಸಿಡಿಯುತ್ತೆ." ಒಳಗೆ ಉಳಿದ ಪೆಟ್ರೋಲಿನ ಆವಿ ಒಂದು ಕಿಡಿಗೆ ಹೊತ್ತಿಕೊಂಡರೆ ಸಾಕಂತೆ. ತೊಳೆದು, ಕತ್ತಿನವರೆಗೆ ನೀರು ತುಂಬಿಸಿದ ಮೇಲೆಯೇ ಅವನು ಮುಖಕ್ಕೆ ಕನ್ನಡಕದ ಹಲಗೆ ಹಿಡಿದದ್ದು. ಸೈಲೆನ್ಸರುಗಳು ಕೂತವು. ಫ್ಯಾನಿನ ರೆಕ್ಕೆ, ಕುಕ್ಕರಿನ ಮುಚ್ಚಳ ಮುಂದಿಟ್ಟೆ. ತಲೆ ಅಲ್ಲಾಡಿಸಿದ. "ಇದು ಅಲ್ಯೂಮಿನಿಯಂ, ಅದು ಕಬ್ಬಿಣ. ಜಾತಕ ಕೂಡಲ್ಲ ಸಾರ್." ಹೀಗಾಗಿ ರೆಕ್ಕೆ, ಎದೆ, ಬಾಲ ಎಲ್ಲಕ್ಕೂ ಬೋಲ್ಟು, ಬೈಂಡಿಂಗ್ ವೈರು, ಎಂ-ಸೀಲ್. ಟ್ಯಾಂಕಿನ ನೀರು ಚೆಲ್ಲಲೇ ಎಂದು ಕೇಳಿದ. ಬೇಡ, ತೂಕ ಇದ್ದರೆ ಗಾಳಿಗೆ ಬೀಳುವುದಿಲ್ಲ ಎಂದು ನಾನೇ ಜಾಣತನ ಮೆರೆದೆ. ಈ ಜಾಣತನ ನೆನಪಿಟ್ಟುಕೊಳ್ಳಿ.

ಎದೆಯ ಗರಿಗಳಿಗೆ ಟ್ರಂಕಿನ ಸ್ಟೀಲ್ ತಟ್ಟೆ. ರೆಕ್ಕೆಯ ಅಂಚಿಗೆ ಚಮಚ. ತಟ್ಟೆಗಳಿಗೆ ಯಾರನ್ನೂ ಕೇಳಲಿಲ್ಲ. ಚಮಚ ಮಾತ್ರ ಅಡುಗೆಮನೆಯಿಂದ ಬರಬೇಕಾಗಿದ್ದರಿಂದ ಅಮ್ಮನ ಅಪ್ಪಣೆ ಬೇಕಾಯಿತು. "ಎರಡು ಡಜನ್ ಇದೆ. ಇಪ್ಪತ್ನಾಲ್ಕು. ದಸರಾ ಆದ್ಮೇಲೆ ವಾಪಸ್ ಕೊಡ್ಬೇಕು," ಎಂದು ಎಣಿಸಿ ಕೊಟ್ಟರು, ನಾನು ಪಕ್ಕದ ಮನೆಯವನೇನೋ ಎಂಬಂತೆ.

ಕಾಂಪೌಂಡಿನ ಮೂಲೆಯಲ್ಲಿ, ದಾಸವಾಳದ ಪಕ್ಕ, ಸಿಮೆಂಟಿನ ಕಟ್ಟೆಯ ಮೇಲೆ ಗಂಡಭೇರುಂಡ ನಿಂತಿತು. ಚೆನ್ನಾಗಿತ್ತು ಎಂದೇ ಈಗಲೂ ನನ್ನ ಅಭಿಪ್ರಾಯ. ಆದರೆ ಪ್ರತಿ ದಸರೆಗೂ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನ ನೋಡಿ ಪಳಗಿದ ಜನರ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ. ಹಾಲಿನವನು ಬಾತುಕೋಳಿಯೇ ಎಂದು ಕೇಳಿದ. ಪೇಪರಿನ ಹುಡುಗ ಬೋರ್‌ವೆಲ್ ಮೋಟರು ಅಂದುಕೊಂಡಿದ್ದನಂತೆ. ನನ್ನ ಮಗಳು ಮಾತ್ರ ದೂರದಿಂದ, ಹತ್ತಿರದಿಂದ, ಬಗ್ಗಿ, ಎಲ್ಲ ಕಡೆಯಿಂದ ನೋಡಿ, "ಅಪ್ಪ, ಇದು ಜಗಳ ಆಡ್ತಿರೋ ಎರಡು ಗ್ಯಾಸ್ ಸಿಲಿಂಡರ್ ಅಲ್ವಾ?" ಎಂದಳು.

ನಾಲ್ಕನೇ ದಿನ ರಾತ್ರಿ ಜೋರು ಮಳೆ. ಬೆಳಿಗ್ಗೆ ಹೆಂಡತಿಯ ಕೂಗಿಗೆ ಎದ್ದು ಓಡಿದೆ. ಎರಡು ಕೊಕ್ಕಿನಿಂದಲೂ ಕಪ್ಪಗೆ, ಅಂಟಂಟಾಗಿ, ಎಣ್ಣೆಯಂಥದು ಜಿನುಗುತ್ತಿತ್ತು. ಟೂ-ಸ್ಟ್ರೋಕ್ ಗಾಡಿಯಲ್ಲಿ ಪೆಟ್ರೋಲಿನ ಜೊತೆ ಆಯಿಲೂ ಉರಿಯುತ್ತದಷ್ಟೆ. ಅಪ್ಪ ಮೈಸೂರಿಂದ ಮಂಡ್ಯಕ್ಕೆ, ಮಂಡ್ಯದಿಂದ ಮೈಸೂರಿಗೆ ಆಫೀಸಿಗೆ ಓಡಾಡಿದ ಅಷ್ಟೂ ವರ್ಷದ ಮಸಿ ಸೈಲೆನ್ಸರಿನ ಹೊಟ್ಟೆಯಲ್ಲಿ ಗಟ್ಟಿಯಾಗಿ ಕೂತಿತ್ತು. ತಲೆಕೆಳಗಾಗಿ ನಿಲ್ಲಿಸಿ, ಮೇಲೆ ನೀರು ಹೊಯ್ದ ಮೇಲೆ ಅದು ಇಳಿಯದೆ ಏನು ಮಾಡೀತು? ಕಟ್ಟೆಯಿಂದ ಹರಿದು, ಗೇಟು ದಾಟಿ, ಆಗಷ್ಟೇ ಬಿಟ್ಟ ರಂಗೋಲಿಯ ನಡುವೆ ಕಪ್ಪು ಕಾವೇರಿ. ಸೀಮೆಎಣ್ಣೆ, ಸೋಪಿನ ಪುಡಿ, ಬೂದಿ, ಯಾವುದಕ್ಕೂ ಜಗ್ಗಲಿಲ್ಲ. ಎರಡು ತಿಂಗಳು ನಮ್ಮ ಮನೆಯ ರಂಗೋಲಿ ಅರ್ಧ ಅಡಿ ಪಕ್ಕಕ್ಕೆ ಸರಿದು ಬಾಳಿತು.

ಆಮೇಲೆ ಬಂದವರು ಆಶಾ ಕಾರ್ಯಕರ್ತೆ. ಮಳೆಗಾಲದ ಲಾರ್ವಾ ಸರ್ವೆ. ಸಂಪು ನೋಡಿದರು, ಹೂಕುಂಡದ ತಟ್ಟೆ ನೋಡಿದರು. ನಾನು ಹೆಮ್ಮೆಯಿಂದ ಜೊತೆಗಿದ್ದೆ, ನಮ್ಮದು ಸ್ವಚ್ಛ ಮನೆ. ಹೊರಡುವಾಗ ಗಂಡಭೇರುಂಡದ ಮುಂದೆ ನಿಂತರು. ಟ್ಯಾಂಕಿಗೆ ಮುಚ್ಚಳ ಎಲ್ಲೋ ಕಳೆದುಹೋಗಿ ವರ್ಷಗಳಾಗಿದ್ದವು. ಆ ಬಾಯಿಗೆ ಟಾರ್ಚು ಬಿಟ್ಟು ಬಗ್ಗಿ ನೋಡಿದರು.

"ಸಾರ್, ನಿಮ್ಮ ಹಕ್ಕಿ ಹೊಟ್ಟೇಲಿ ಮರಿ ಇದಾವೆ."

ನಾನೂ ಬಗ್ಗಿ ನೋಡಿದೆ. ಟಾರ್ಚಿನ ಬೆಳಕಿನಲ್ಲಿ ನೂರಾರು ಸಣ್ಣ ಅಲ್ಪವಿರಾಮಗಳು ಕೊಂಕಿ ನೆಟ್ಟಗಾಗಿ, ಕೊಂಕಿ ನೆಟ್ಟಗಾಗಿ ಮೇಲಕ್ಕೆ ಕೆಳಕ್ಕೆ ಓಡಾಡುತ್ತಿದ್ದವು. ನನ್ನ ಜಾಣತನದ ಫಲ. ಡೆಂಗಿಯ ಈಡಿಸ್ ಸೊಳ್ಳೆ ಕೊಚ್ಚೆಗೆ ಹೋಗುವುದಿಲ್ಲ, ನಿಂತ ತಿಳಿನೀರೇ ಬೇಕು, ಮೊಟ್ಟೆ ಸೊಳ್ಳೆಯಾಗಿ ಹಾರಲು ವಾರ ಹತ್ತು ದಿನ ಸಾಕು, ಕಚ್ಚುವುದು ಹಗಲು ಹೊತ್ತು, ಎಂದು ಆಕೆ ವಿವರಿಸುತ್ತಿದ್ದರೆ ನಾನು ಮೂರನೇ ಕ್ಲಾಸಿನ ಹುಡುಗನ ಹಾಗೆ ಕೈಕಟ್ಟಿ ನಿಂತಿದ್ದೆ. 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ಎಂದು ಘೋಷಿಸಿದ ಮೇಲೆ ನಗರದಲ್ಲಿ ಇಂಥ ಮನೆಗೆ 400 ರೂಪಾಯಿ ದಂಡವಿದೆ ಎಂದೂ ಹೇಳಿದರು. ದಂಡ ಹಾಕಲಿಲ್ಲ. ಹಾಕಿದ್ದರೆ ಚೆನ್ನಾಗಿತ್ತು. ಬದಲಿಗೆ ನಕ್ಕರು, ಮುಂದಿನ ಆರು ಮನೆಗಳಲ್ಲೂ ಹೇಳಿ ನಕ್ಕರು.

ಟ್ಯಾಂಕು ಬಗ್ಗಿಸಿ ಖಾಲಿ ಮಾಡುವಷ್ಟರಲ್ಲಿ ನನ್ನ ಸೊಂಟ ಹಿಡಿಯಿತು. ಅದರ ಕಥೆ ಬಿಡಿ, ನೋವಿನ ಎಣ್ಣೆಯ ವಾಸನೆಯನ್ನು ಬರೆದು ತೋರಿಸಲಾಗದು.

ಅದೇ ಹೊತ್ತಿಗೆ ಒಬ್ಬ ಹುಡುಗ ಬಂದ. ರಸ್ತೆಯಲ್ಲಿ ಡುಗುಡುಗು ಶಬ್ದವಾದಾಗ ಅಮ್ಮ ಒಳಗಿನಿಂದಲೇ ತಲೆ ಎತ್ತಿದರು. ಅವನ ಯೆಜ್ಡಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಗೇಟಿನ ಹೊರಗೇ ಹೆಲ್ಮೆಟ್ಟು ತೆಗೆದು, ಸಾವಿನ ಮನೆಗೆ ಬಂದವನ ಹಾಗೆ ನಿಂತ. "ಸಾರ್... ಇದು ಒರಿಜಿನಲ್ ಸೈಲೆನ್ಸರ್." ಹತ್ತಿರ ಹೋಗಿ ವೆಲ್ಡಿಂಗಿನ ಮೇಲೆ ಬೆರಳಾಡಿಸಿದ. "ಜೋಡಿ ಹುಡುಕ್ಕೊಂಡು ಕೊಯಮತ್ತೂರಿಗೆ ಹೋಗ್ ಬಂದೆ ಸಾರ್ ನಾನು." ಎಷ್ಟಾಗುತ್ತಿತ್ತು ಎಂದು ಹೆಂಡತಿ ಕೇಳಿದಳು. ಅವನು ಹೇಳಿದ. ಅವಳು ನನ್ನ ಕಡೆ ನೋಡಿದಳು. ಆ ಮೊತ್ತವನ್ನು ಇಲ್ಲಿ ಬರೆಯುವುದಿಲ್ಲ. ಮನೆಯಲ್ಲಿ ದಿನಕ್ಕೊಮ್ಮೆ ಕೇಳುವುದೇ ಸಾಕಾಗಿದೆ.

ದಸರೆಗೆ ಗೊಂಬೆ ನೋಡಲು ನಂಜನಗೂಡಿನ ಅತ್ತೆ, ಮಾವ ಬಂದರು. ಅತ್ತೆಗೆ ಒಳಗಿನ ಪಟ್ಟದ ಗೊಂಬೆಗಿಂತ ಹೊರಗಿನ ಹಕ್ಕಿಯೇ ಮೊದಲು ಕಣ್ಣಿಗೆ ಬಿತ್ತು. ಕನ್ನಡಕ ಏರಿಸಿ ಎದೆಯ ತಟ್ಟೆಯೊಂದನ್ನು ಓದತೊಡಗಿದರು. ನನಗೆ ಆಗ ಹೊಳೆಯಿತು. ಆ ಕಾಲದಲ್ಲಿ ಮದುವೆಗೆ ಪಾತ್ರೆ ಉಡುಗೊರೆ ಕೊಡುವವರು ಹೆಸರು ಕೆತ್ತಿಸದೆ ಕೊಡುತ್ತಿರಲಿಲ್ಲ.

"ಶುಭಾಶಯಗಳೊಂದಿಗೆ, ಅತ್ತೆ..." ಅಲ್ಲಿಗೆ ನಿಂತರು. ಅದರ ಮುಂದಿನ ಅಕ್ಷರಗಳ ಮೇಲೆ ಅರ್ಧ ಇಂಚಿನ ಬೋಲ್ಟು. ಬೋಲ್ಟಿನ ಆಚೆ "ನಂಜನಗೂಡು" ಎಂದಿತ್ತು.

"ಏನಪ್ಪಾ, ನಾವು ಕೊಟ್ಟ ತಟ್ಟೇಲಿ ನಿಮ್ ಮಾವನ ಮೇಲೇ ಬೋಲ್ಟ್ ಹೊಡ್ದಿದ್ಯಲ್ಲೋ!"

ಭೂಮಿ ಬಾಯಿ ಬಿಡಬಾರದೇ ಎಂದು ನಿಂತಿದ್ದೆ. ಮಾವ ನಿಧಾನಕ್ಕೆ ಹೇಳಿದರು: "ಇರ್ಲಿ ಬಿಡೇ. ನನ್ನ ಮೇಲೆ ಮೊದ್ಲು ಬೋಲ್ಟ್ ಹೊಡ್ದಿದ್ದು ನೀನೇ ಅಲ್ವೆ."

ಆಯುಧಪೂಜೆಯ ದಿನ ಇನ್ನೊಂದು ನಡೆಯಿತು. ಸ್ಕೂಟರು, ಮಿಕ್ಸಿ, ಈಳಿಗೆಮಣೆ ಎಲ್ಲಕ್ಕೂ ಕುಂಕುಮ ಇಟ್ಟು ಮುಗಿಸಿದ ಅಮ್ಮ ತಟ್ಟೆ ಹಿಡಿದು ಕಾಂಪೌಂಡಿನ ಮೂಲೆಗೆ ಹೋದರು. ಟ್ಯಾಂಕಿನ ಮೇಲೆ ಮೂರು ಬೆರಳ ವಿಭೂತಿ ಎಳೆದು, ನಡುವೆ ಬೊಟ್ಟಿಟ್ಟು, ಒಂದು ಸೇವಂತಿಗೆ ಸಿಕ್ಕಿಸಿದರು. "ಕಿಕ್ಕರೂ ಅದೇ, ಗೇರೂ ಅದೇ, ಒಂದೇ ಕಡ್ಡಿ," ಎಂದರು ನನ್ನ ಕಡೆ ನೋಡದೆ. "ಹಿಂದಕ್ಕೆ ಮಡಚಿ ಒದಿಯೋದು, ಮುಂದಕ್ಕೆ ಹಾಕಿ ಹೊರಡೋದು." ಮತ್ತೆ ತಟ್ಟೆ ಎತ್ತಿಕೊಂಡು, "ಚಮಚ ಮರೀಬೇಡ," ಎಂದು ಒಳಗೆ ಹೋದರು.

ದಸರೆ ಮುಗಿಯಿತು. ಹಕ್ಕಿ ಮನೆ ಬಿಡಬೇಕೆಂದು ಮನೆಯಲ್ಲಿ ತೀರ್ಮಾನವಾಯಿತು. ಗುಜರಿಯವನನ್ನು ಕರೆದೆ. ಆಷಾಢದಲ್ಲಿ ಇದೇ ಸಾಮಾನಿಗೆ ಇವನೇ 900 ರೂಪಾಯಿ ಕೊಡುತ್ತೇನೆ ಎಂದಿದ್ದ. ಈಗ ಸುತ್ತಲೂ ಒಂದು ಪ್ರದಕ್ಷಿಣೆ ಬಂದ. "ಕಬ್ಬಿಣಕ್ಕೆ ಸ್ಟೀಲು, ಸ್ಟೀಲಿಗೆ ಅಲ್ಯೂಮಿನಿಯಂ, ಎಲ್ಲದಕ್ಕೂ ಎಂ-ಸೀಲು. ಬಿಡಿಸೋಕೇ ಎರಡು ದಿನ ಬೇಕು ಸಾರ್. 300 ಕೊಟ್ರೆ ತಗೊಂಡ್ ಹೋಗ್ತೀನಿ." ಮೂರೂವರೆ ತಿಂಗಳು ಬೆವರು ಸುರಿಸಿ 900ರ ಮಾಲನ್ನು ಮೈನಸ್ 300ಕ್ಕೆ ಇಳಿಸಿದ ಕಲಾವಿದ ನಾನು.

ಈ ಚೌಕಾಸಿಯನ್ನು ಎದುರು ಮನೆಯವರು ಗೇಟಿನಲ್ಲಿ ನಿಂತು ಕೇಳುತ್ತಿದ್ದರು. ಗುಜರಿಯವನು ಹೋದ ಮೇಲೆ ಹತ್ತಿರ ಬಂದರು. ವಿಜಯನಗರ ನಾಲ್ಕನೇ ಹಂತದಲ್ಲಿ ಮಗನಿಗೆ ಮನೆ ಕಟ್ಟಿಸುತ್ತಿದ್ದಾರೆ, ಮೋಲ್ಡಿಂಗ್ ಹಂತಕ್ಕೆ ಬಂದಿದೆ.

"ಸಾರ್, ತಪ್ಪು ತಿಳ್ಕೋಬೇಡಿ. ದೃಷ್ಟಿಗೊಂಬೆ ಹುಡುಕ್ತಾ ಇದ್ದೆ. ಅಂಗಡೀಲಿ ಸಿಗೋ ರಾಕ್ಷಸನ ಮುಖ ಎಲ್ಲರ ಮನೆ ಮುಂದೇನೂ ಇದೆ. ಇಷ್ಟು ಭಯಂಕರವಾಗಿರೋದು ದುಡ್ಡು ಕೊಟ್ರೂ ಸಿಗಲ್ಲ."

ಮರುದಿನವೇ ಲಗೇಜ್ ಆಟೋ ಬಂತು. ಬಾಡಿಗೆ ಅವರೇ ಕೊಟ್ಟರು. ಈಗ ಗಂಡಭೇರುಂಡ ಎರಡನೇ ಮಹಡಿಯ ಕಂಬಿಗಳ ನಡುವೆ, ಎರಡು ಕೊರಳಿಗೂ ನಿಂಬೆಹಣ್ಣು, ಹಸಿಮೆಣಸಿನಕಾಯಿಯ ಹಾರ ಹಾಕಿಕೊಂಡು ರಸ್ತೆಯನ್ನು ದುರುಗುಟ್ಟಿ ನೋಡುತ್ತಿದೆ. ಹೋಗಿ ಬರುವವರೆಲ್ಲ ಒಂದು ಗಳಿಗೆ ನಿಂತು ನೋಡುತ್ತಾರೆ. ಮನೆಯ ಕಡೆ ಯಾರೂ ನೋಡುವುದಿಲ್ಲ.

ಹೋದ ಭಾನುವಾರ ಕೆಳಗೆ ನಿಂತು ಅದನ್ನು ನೋಡಿ, ಸಂಜೆ ಮನೆಗೆ ಬಂದೆ. ಅಮ್ಮ ಬಾಗಿಲಲ್ಲೇ ಕೂತಿದ್ದರು.

"ಚಮಚ ಎಣಿಸಿದ್ಯಾ?"

ಎಣಿಸಿದ್ದೆ. ಇಪ್ಪತ್ಮೂರಿತ್ತು.

"ಇಪ್ಪತ್ನಾಲ್ಕೂ ಇದೆ ಅಮ್ಮ," ಎಂದೆ.